ಅತಿವೇಗವಾಗಿ ಆರಂಭವಾಗುವ ಗಣಕಯಂತ್ರದಲ್ಲಿ ಫರ್ಮ್‌ವೇರ್ ಪುಟವನ್ನು ತೆರೆಯುವ ವಿಧಾನ

ಹಿನ್ನೆಲೆ

ಗಣಕಯಂತ್ರದ ದಿನಾಂಕವು ತಪ್ಪಾಗಿದ್ದಲ್ಲಿ, ಬ್ರೌಸರ್ ತಂತ್ರಾಂಶವು ಜಾಲತಾಣದ ಭದ್ರತಾ ಪ್ರಮಾಣಪತ್ರವನ್ನು ಅಮಾನ್ಯವೆಂದು ಪರಿಗಣಿಸುವುದರಿಂದ ಆನ್‌ಲೈನ್ ಅರ್ಜಿಯ ಪುಟವು ತೆರೆಯದಿರಬಹುದು. ವಿದ್ಯುತ್ ಸಂಪರ್ಕ ಕಡಿತವಾದಾಗಲೆಲ್ಲ ದಿನಾಂಕವು ಹಿಂದಕ್ಕೆ ಹೋಗುತ್ತಿದ್ದಲ್ಲಿ, ಮದರ್‌ಬೋರ್ಡ್‌ನಲ್ಲಿರುವ ನಾಣ್ಯದಾಕಾರದ ಬ್ಯಾಟರಿಯು (ಸಾಮಾನ್ಯವಾಗಿ ಸಿಆರ್ 2032, 3 ವೋಲ್ಟ್) ಮುಗಿದಿರುವ ಸಂಭವವಿರುತ್ತದೆ. ಬ್ಯಾಟರಿ ಬದಲಾಯಿಸಿದ ನಂತರ ದಿನಾಂಕ, ಸಮಯ ಮತ್ತಿತರ ವಿವರಗಳನ್ನು ಬಯೋಸ್ ಅಥವಾ ಯುಇಎಫ್‌ಐ ಎಂದು ಕರೆಯಲಾಗುವ ಫರ್ಮ್‌ವೇರ್ ಪುಟದಲ್ಲಿ ಸರಿಪಡಿಸಬೇಕಾಗುತ್ತದೆ. ಆದರೆ ಅನೇಕ ಯಂತ್ರಗಳಲ್ಲಿ ನಿಗದಿತ ಕೀಲಿಯನ್ನು ಒತ್ತುವಷ್ಟರಲ್ಲಿಯೇ ವಿಂಡೋಸ್ ತೆರೆದಿರುತ್ತದೆ.

ಕಾರಣಗಳು

ಅ) 2012ರಲ್ಲಿ ವಿಂಡೋಸ್ 8ರೊಂದಿಗೆ ಬಂದ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯದಿಂದಾಗಿ, ‘ಶಟ್ ಡೌನ್’ ಮಾಡಿದಾಗ ವ್ಯವಸ್ಥೆಯ ಒಂದು ಭಾಗವು ಡಿಸ್ಕ್‌ನಲ್ಲಿ ಉಳಿದಿದ್ದು, ಮುಂದಿನ ಬಾರಿ ಅಲ್ಲಿಂದಲೇ ಆರಂಭವಾಗುತ್ತದೆ. ‘ರಿಸ್ಟಾರ್ಟ್’ ಮಾಡಿದಾಗ ಮಾತ್ರ ಪೂರ್ಣ ಆರಂಭ ನಡೆಯುತ್ತದೆ.

ಆ) ಫರ್ಮ್‌ವೇರ್‌ನಲ್ಲಿರುವ ‘ಫಾಸ್ಟ್ ಬೂಟ್’ ಸೌಲಭ್ಯವು ಕೆಲವು ತಪಾಸಣೆಗಳನ್ನು ಕೈಬಿಡುತ್ತದೆ. ಇದರಿಂದ ಯುಎಸ್‌ಬಿ ಕೀಲಿಮಣೆಯು ಆರಂಭದಲ್ಲಿ ಕೆಲಸ ಮಾಡದಿರಬಹುದು.

ಮುನ್ನೆಚ್ಚರಿಕೆ

ಯಂತ್ರದಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಚಾಲ್ತಿಯಲ್ಲಿದ್ದಲ್ಲಿ, ಫರ್ಮ್‌ವೇರ್‌ನಲ್ಲಿ ಮಾಡಿದ ಬದಲಾವಣೆಯ ನಂತರ 48 ಅಂಕಿಗಳ ರಿಕವರಿ ಕೀಯನ್ನು ಕೇಳಬಹುದು. ಅದು ಲಭ್ಯವಿಲ್ಲದಿದ್ದಲ್ಲಿ ಡಿಸ್ಕ್‌ನಲ್ಲಿರುವ ಕಡತಗಳನ್ನು ತೆರೆಯಲು ಸಾಧ್ಯವಾಗುವುದಿಲ್ಲ. ಆದುದರಿಂದ ಬ್ಯಾಟರಿ ಬದಲಾಯಿಸುವ ಮುನ್ನವೇ ಸದರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳತಕ್ಕದ್ದು ಹಾಗೂ ದಾಖಲೆಗಳ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಇರಿಸಿಕೊಳ್ಳತಕ್ಕದ್ದು.

ಅನುಸರಿಸಬೇಕಾದ ಕ್ರಮ

1. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿ ಎಂಬಲ್ಲಿಗೆ, ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್, ಅಪ್‌ಡೇಟ್ ಅಂಡ್ ಸೆಕ್ಯುರಿಟಿ, ರಿಕವರಿ ಎಂಬಲ್ಲಿಗೆ ಹೋಗಿ, ‘ಅಡ್ವಾನ್ಸ್ಡ್ ಸ್ಟಾರ್ಟಪ್’ ಅಡಿಯಲ್ಲಿರುವ ‘ರಿಸ್ಟಾರ್ಟ್ ನೌ’ ಆಯ್ಕೆ ಮಾಡುವುದು.

2. ನಂತರ ಕಾಣುವ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಯುಇಎಫ್‌ಐ ಫರ್ಮ್‌ವೇರ್ ಸೆಟ್ಟಿಂಗ್ಸ್, ರಿಸ್ಟಾರ್ಟ್ ಎಂಬ ಕ್ರಮದಲ್ಲಿ ಮುಂದುವರಿಯುವುದು. ಈ ವಿಧಾನದಲ್ಲಿ ಆರಂಭದ ಕೀಲಿಯನ್ನು ಒತ್ತುವ ಅಗತ್ಯವಿರುವುದಿಲ್ಲ.

3. ಲಾಗಿನ್ ಆಗಲು ಸಾಧ್ಯವಿಲ್ಲದಿದ್ದಲ್ಲಿ, ಲಾಗಿನ್ ಪರದೆಯಲ್ಲಿಯೇ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ‘ರಿಸ್ಟಾರ್ಟ್’ ಆಯ್ಕೆ ಮಾಡಿದರೆ ಇದೇ ಪರದೆ ದೊರೆಯುತ್ತದೆ.

4. ಸದರಿ ಆಯ್ಕೆಯು ಕಾಣದಿದ್ದಲ್ಲಿ, ಯಂತ್ರವು ಹಳೆಯ ಬಯೋಸ್ ವಿಧಾನದಲ್ಲಿರುವ ಸಾಧ್ಯತೆಯಿದೆ. ಆಗ ಯಂತ್ರವನ್ನು ರಿಸ್ಟಾರ್ಟ್ ಮಾಡಿ, ಪರದೆ ಕಪ್ಪಾದ ಕೂಡಲೇ ನಿಗದಿತ ಕೀಲಿಯನ್ನು ಪದೇ ಪದೇ ಒತ್ತುವುದು. ಸಾಮಾನ್ಯವಾಗಿ ಡೆಲ್ ಹಾಗೂ ಏಸರ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಲೆನೊವೊ ಥಿಂಕ್‌ಪ್ಯಾಡ್‌ನಲ್ಲಿ ಎಫ್1, ಬಿಡಿಭಾಗಗಳಿಂದ ಜೋಡಿಸಿದ ಅನೇಕ ಡೆಸ್ಕ್‌ಟಾಪ್‌ಗಳಲ್ಲಿ ಡಿಲೀಟ್ ಕೀಲಿ ಬಳಕೆಯಲ್ಲಿದೆ.

5. ಡೆಸ್ಕ್‌ಟಾಪ್ ಆಗಿದ್ದಲ್ಲಿ, ವೈರ್‌ಲೆಸ್ ಕೀಲಿಮಣೆಯ ಬದಲು ತಂತಿಯುಳ್ಳ ಕೀಲಿಮಣೆಯನ್ನು ಯಂತ್ರದ ಹಿಂಬದಿಯ ಯುಎಸ್‌ಬಿ ಕಿಂಡಿಗೆ ನೇರವಾಗಿ ಜೋಡಿಸುವುದು ಸೂಕ್ತ.

ಪುಟ ತೆರೆದ ನಂತರ

ದಿನಾಂಕ ಮತ್ತು ಸಮಯವನ್ನು ಸರಿಪಡಿಸಿ, ಉಳಿಸಿ ಹೊರಬರತಕ್ಕದ್ದು. ಉಳಿಸುವ ಕೀಲಿಯನ್ನು ಸಾಮಾನ್ಯವಾಗಿ ಅದೇ ಪುಟದಲ್ಲಿ ನಮೂದಿಸಿರಲಾಗುತ್ತದೆ. ಮುಂದೆ ಕೀಲಿಯಿಂದಲೇ ಪ್ರವೇಶಿಸಲು ಬಯಸುವವರು ‘ಫಾಸ್ಟ್ ಬೂಟ್’ ಸೌಲಭ್ಯವನ್ನು ಸ್ಥಗಿತಗೊಳಿಸಬಹುದು. ಸೆಕ್ಯೂರ್ ಬೂಟ್ ಹಾಗೂ ಟಿಪಿಎಂ ವಿವರಗಳನ್ನು ಬದಲಾಯಿಸಬಾರದು.

ವಿಶೇಷ ಸೂಚನೆ

ಅರ್ಜಿ ಸಲ್ಲಿಸುವ ಕೊನೆಯ ದಿನವು ಸಮೀಪಿಸಿದ್ದಲ್ಲಿ, ಮೇಲ್ಕಂಡ ದುರಸ್ತಿಗಾಗಿ ಕಾಯುವ ಅಗತ್ಯವಿಲ್ಲ. ವಿಂಡೋಸ್‌ನ ದಿನಾಂಕ ಮತ್ತು ಸಮಯ ಸೆಟ್ಟಿಂಗ್‌ನಲ್ಲಿಯೇ ದಿನಾಂಕವನ್ನು ಸರಿಪಡಿಸಿ, ಬ್ರೌಸರ್ ಅನ್ನು ಮುಚ್ಚಿ ಪುನಃ ತೆರೆದು, ಯಂತ್ರವನ್ನು ಆರಿಸುವ ಮುನ್ನ ಅರ್ಜಿಯನ್ನು ಪೂರ್ಣಗೊಳಿಸಿ, ಸ್ವೀಕೃತಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳತಕ್ಕದ್ದು.