ಆಸ್ಪತ್ರೆ ನೌಕರರ ಚೌಕಾಸಿ ಘಟಕ: ಎಮ್ಮಿಗನೂರು ಸೀಮೆಯ ಹಿನ್ನೆಲೆಯಲ್ಲಿ

ಸಂಬಳ, ಪಾಳಿ, ರಜೆ, ಬಡ್ತಿಯ ಮಾತಿಗೆ ಕಾರ್ಮಿಕ ಸಂಘವೊಂದು ಆಸ್ಪತ್ರೆಯ ಆಡಳಿತದ ಎದುರು ಕೂತಾಗ, ಅದು ಯಾರ ಪರವಾಗಿ ಕೂತಿದೆಯೋ ಆ ನೌಕರರ ಗುಂಪಿಗೆ ಚೌಕಾಸಿ ಘಟಕ ಎನ್ನುತ್ತಾರೆ. ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಈ ಗುಂಪನ್ನು ಗುರುತಿಸುವುದು ಸುಲಭ. ಅಲ್ಲಿನ ಹೆಚ್ಚಿನವರ ಕೆಲಸ ಒಂದೇ ಬಗೆಯದು. ಆಸ್ಪತ್ರೆಯಲ್ಲಿ ಹಾಗಿಲ್ಲ. ಡ್ಯೂಟಿ ಡಾಕ್ಟರು, ಸ್ಟಾಫ್ ನರ್ಸು, ಲ್ಯಾಬ್ ಟೆಕ್ನಿಷಿಯನ್ನು, ಕಾಂಪೌಂಡರು, ಬಿಲ್ಲು ಬರೆಯುವ ಗುಮಾಸ್ತ, ವಾರ್ಡ್ ಬಾಯ್, ಆಯಾ, ಕಸ ಗುಡಿಸುವಾಕೆ, ವಾಚ್‌ಮನ್, ಆಂಬುಲೆನ್ಸ್ ಚಾಲಕ ಇವರೆಲ್ಲ ಒಬ್ಬ ರೋಗಿಯ ಸುತ್ತ ದುಡಿಯುತ್ತಾರೆ. ಇವರಲ್ಲಿ ಯಾರು ಯಾರ ಜೊತೆ ಒಂದೇ ಘಟಕದಲ್ಲಿರಬೇಕು ಎಂಬ ಪ್ರಶ್ನೆಗೆ ಭಾರತದ ಕಾನೂನು ನೇರ ಉತ್ತರ ಕೊಟ್ಟಿಲ್ಲ. ಆಸ್ಪತ್ರೆ ಉದ್ಯಮವೇ, ಈ ವ್ಯಕ್ತಿ ಕಾರ್ಮಿಕನೇ, ಅವನ ಹೆಸರು ಯಾರ ಹಾಜರಿ ಪುಸ್ತಕದಲ್ಲಿದೆ ಎಂಬ ಬೇರೆ ಮೂರು ಪ್ರಶ್ನೆಗಳನ್ನು ದಾಟಿ ಉಳಿದವರೇ ಇಲ್ಲಿ ಘಟಕವಾಗುತ್ತಾರೆ.

ಎಮ್ಮಿಗನೂರು ಈಗ ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮದ ಊರು. ಈ ಊರಿದ್ದ ಆದೋನಿ ತಾಲೂಕು ಮತ್ತು ಆಲೂರು, ರಾಯದುರ್ಗ ತಾಲೂಕುಗಳು ಮದ್ರಾಸಿನ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಇವು ಆ ಕಡೆ ಹೋದವು. ಕನ್ನಡ ಮಾತಾಡುವ ಮನೆಗಳು ಎರಡೂ ಕಡೆ ಉಳಿದವು, ಆದರೆ ಕಾರ್ಮಿಕ ಕಾನೂನು ಬೇರೆಯಾಯಿತು. ಸಂಘಟನೆ ಈ ಊರಿಗೆ ಹೊಸದಲ್ಲ. 1938ರಲ್ಲಿ ಮಾಚಾನಿ ಸೋಮಪ್ಪನವರು ಇಲ್ಲಿ ಕಟ್ಟಿದ ನೇಕಾರರ ಸಹಕಾರ ಸಂಘ ದೇಶದ ಕೈಮಗ್ಗ ಚಳವಳಿಯಲ್ಲೇ ಹೆಸರು ಮಾಡಿತು. ನೇಕಾರರಿಗೆ ಅಲ್ಲಿ ಒಂದೇ ಸಂಘ ಸಾಕಾಗಿತ್ತು. ಆಸ್ಪತ್ರೆಯಲ್ಲಿ ದುಡಿಯುವವರಿಗೆ ಆ ಅನುಕೂಲ ಇಲ್ಲ.

ಆಸ್ಪತ್ರೆ ಉದ್ಯಮವೇ?

1947ರ ಕೈಗಾರಿಕಾ ವಿವಾದಗಳ ಕಾಯ್ದೆ ಉದ್ಯಮಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಮುಂಬಯಿಯ ಜೆ.ಜೆ. ಆಸ್ಪತ್ರೆಯ ವಾರ್ಡುಗಳಲ್ಲಿ ದುಡಿಯುತ್ತಿದ್ದ ಕೆಲವರನ್ನು ಪರಿಹಾರ ಕೊಡದೆ ತೆಗೆದುಹಾಕಿದಾಗ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 1960ರಲ್ಲಿ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಬರೆದ ತೀರ್ಪು ಸರ್ಕಾರಿ ಆಸ್ಪತ್ರೆಯೂ ಉದ್ಯಮವೇ ಎಂದಿತು. ಹತ್ತೇ ವರ್ಷಕ್ಕೆ, 1970ರ ಸಫ್ದರ್‌ಜಂಗ್ ಆಸ್ಪತ್ರೆ ಪ್ರಕರಣದಲ್ಲಿ, ಅದೇ ನ್ಯಾಯಾಲಯ ಅದನ್ನು ತಿರುವಿ ಹಾಕಿತು.

ವಿಷಯ ಮತ್ತೆ ತೀರ್ಮಾನವಾದದ್ದು ಬೆಂಗಳೂರಿನಿಂದ ಹೋದ ಮೊಕದ್ದಮೆಯಲ್ಲಿ. ಬೆಂಗಳೂರು ಜಲಮಂಡಳಿ ತನ್ನ ನೌಕರರಿಗೆ ದಂಡ ಹಾಕಿ ಹಣ ವಸೂಲು ಮಾಡಿತ್ತು. ನೌಕರರು ಕಾರ್ಮಿಕ ನ್ಯಾಯಾಲಯಕ್ಕೆ ಹೋದಾಗ, ತಾನು ಉದ್ಯಮವೇ ಅಲ್ಲ ಎಂದು ಮಂಡಳಿ ವಾದಿಸಿತು. 1978ರ ಫೆಬ್ರವರಿ 21ರಂದು ಏಳು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ವ್ಯವಸ್ಥಿತವಾದ ಚಟುವಟಿಕೆ ಇದ್ದು, ಮಾಲೀಕ ಮತ್ತು ನೌಕರ ಕೂಡಿ, ಜನರ ಅಗತ್ಯದ ವಸ್ತುವನ್ನೋ ಸೇವೆಯನ್ನೋ ಒದಗಿಸುತ್ತಿದ್ದರೆ, ಲಾಭ ಇರಲಿ ಬಿಡಲಿ, ಅದು ಉದ್ಯಮ. ಆಸ್ಪತ್ರೆಗಳು ಮತ್ತೆ ಒಳಗೆ ಬಂದವು. ಪ್ರಧಾನ ತೀರ್ಪು ಬರೆದ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇನ್ನೊಂದು ಮಾತನ್ನೂ ಸೇರಿಸಿದರು: ಸಂಸ್ಥೆ ಇಡಿಯಾಗಿ ಉದ್ಯಮವಾದರೂ ಅಲ್ಲಿ ಕಾರ್ಮಿಕ ಎಂಬ ವ್ಯಾಖ್ಯೆಗೆ ಬಾರದವರಿಗೆ ಅದರ ಪ್ರಯೋಜನ ಸಿಗದು. ಆಸ್ಪತ್ರೆಯ ಘಟಕ ಎರಡಾಗಿ ಸೀಳುವುದು ಈ ಮಾತಿನಲ್ಲಿಯೇ.

ಆಸ್ಪತ್ರೆಗಳನ್ನು ಹೊರಗಿಡುವ ತಿದ್ದುಪಡಿಯನ್ನು ಸಂಸತ್ತು 1982ರಲ್ಲಿ ಒಪ್ಪಿತು. ನೌಕರರ ದೂರುಗಳಿಗೆಂದು ಮಂಡಿಸಿದ ಪರ್ಯಾಯ ಮಸೂದೆ ಕಾಯ್ದೆಯಾಗಲಿಲ್ಲ, ತಿದ್ದುಪಡಿಯೂ ಜಾರಿಗೆ ಬರಲಿಲ್ಲ. 1978ರ ತೀರ್ಪನ್ನು ಮರುಪರಿಶೀಲಿಸುವ ಪ್ರಶ್ನೆ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಆಸ್ಪತ್ರೆ ಎಂಬ ಕಾರಣಕ್ಕೆ ಯಾರನ್ನೂ ಹೊರಗಿಡುವುದಿಲ್ಲ. ಪೂರ್ಣವಾಗಿ ಅಥವಾ ಬಹುಪಾಲು ಧರ್ಮಾರ್ಥ, ಸಮಾಜಸೇವೆಯಲ್ಲಿ ತೊಡಗಿದ ಸಂಘಟನೆಗಳು ನಡೆಸುವ ಸಂಸ್ಥೆಗಳನ್ನು ಹೊರಗಿಡುತ್ತದೆ. ಟ್ರಸ್ಟ್ ಮತ್ತು ಮಿಷನ್ ಆಸ್ಪತ್ರೆಗಳ ನರ್ಸುಗಳಿಗೆ ಇದು ಸಣ್ಣ ಬದಲಾವಣೆಯಲ್ಲ. ಧರ್ಮಾರ್ಥ ಎನ್ನುವುದು ರೋಗಿಗೆ ಸಿಗುವ ರಿಯಾಯಿತಿಯ ಗುಣ. ನರ್ಸಿನ ಪಾಳಿ ಅದರಿಂದ ಒಂದು ಗಂಟೆಯೂ ಕಡಿಮೆಯಾಗುವುದಿಲ್ಲ.

ಯಾರು ಕಾರ್ಮಿಕರು?

ಕೈಕೆಲಸ, ಕುಶಲ ಅಥವಾ ಅಕುಶಲ ಕೆಲಸ, ತಾಂತ್ರಿಕ, ಗುಮಾಸ್ತಿಕೆ, ಮೇಲ್ವಿಚಾರಣೆ ಇವುಗಳಲ್ಲಿ ಒಂದನ್ನು ಕೂಲಿಗಾಗಿ ಮಾಡುವವರು ಕಾರ್ಮಿಕರು. ಆಡಳಿತ ನಡೆಸುವವರು ಹೊರಗೆ. ಮೇಲ್ವಿಚಾರಕರಾಗಿದ್ದು ಹೊಸ ಸಂಹಿತೆಯ ಪ್ರಕಾರ ತಿಂಗಳಿಗೆ 18,000 ರೂ.ಗಿಂತ ಹೆಚ್ಚು ಸಂಬಳ ಪಡೆಯುವವರೂ ಹೊರಗೆ. ನರ್ಸು, ಟೆಕ್ನಿಷಿಯನ್, ಆಯಾ, ಗುಮಾಸ್ತ ಸಲೀಸಾಗಿ ಒಳಗೆ ಬರುತ್ತಾರೆ. ತಕರಾರು ಏಳುವುದು ಹೆಡ್ ನರ್ಸಿನ ವಿಷಯದಲ್ಲಿ. ನ್ಯಾಯಾಲಯಗಳು ಹುದ್ದೆಯ ಹೆಸರನ್ನು ಬಿಟ್ಟು ಮುಖ್ಯ ಕೆಲಸ ಯಾವುದೆಂದು ನೋಡುತ್ತವೆ. ಡ್ಯೂಟಿ ಪಟ್ಟಿ ಬರೆದರೂ ದಿನದ ಬಹುಪಾಲು ರೋಗಿಯ ಹಾಸಿಗೆಯ ಬಳಿ ಇರುವ ಹೆಡ್ ನರ್ಸು ಕಾರ್ಮಿಕಳೇ. ರಜೆ ಮಂಜೂರು ಮಾಡುವ, ಶಿಸ್ತುಕ್ರಮ ಕೈಗೊಳ್ಳುವ ಅಧಿಕಾರ ಅವಳ ಕೈಯಲ್ಲಿದ್ದರೆ ವಾದ ತಿರುಗುತ್ತದೆ. ಅಪ್ರೆಂಟಿಸರನ್ನು ಹಳೆಯ ಕಾಯ್ದೆ ಕಾರ್ಮಿಕರ ಜೊತೆ ಎಣಿಸುತ್ತಿತ್ತು, ಅಪ್ರೆಂಟಿಸ್ ಕಾಯ್ದೆಯಡಿ ಬರುವವರನ್ನು ಸಂಹಿತೆ ಎಣಿಸುವುದಿಲ್ಲ.

ಡಾಕ್ಟರು ಹೊರಗೆ ಎಂಬುದು ಬಹುಮಟ್ಟಿಗೆ ನಿಶ್ಚಿತವಾಗಿದೆ. ರೋಗ ಗುರುತಿಸಿ ಚಿಕಿತ್ಸೆ ಕೊಡುವ ವೈದ್ಯರನ್ನು ಕಾರ್ಮಿಕರೆನ್ನಲಾಗದು ಎಂದು ಇ.ಎಸ್.ಐ. ವೈದ್ಯಾಧಿಕಾರಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. ಅದಕ್ಕಿಂತ ಹಳೆಯ, ಹೆಚ್ಚು ಅರ್ಥವತ್ತಾದ ಪ್ರಕರಣ ಅಸ್ಸಾಮಿನ ಡಿಮಾಕುಚಿ ಚಹಾ ತೋಟದ್ದು (1958). ತೋಟದ ಸಹಾಯಕ ವೈದ್ಯರನ್ನು ತೆಗೆದುಹಾಕಿದಾಗ ಅವರ ಪರವಾಗಿ ನಿಂತವರು ತೋಟದ ಕಾರ್ಮಿಕರು. ಕಾರ್ಮಿಕನಲ್ಲದ ವ್ಯಕ್ತಿಗಾಗಿ ಕಾರ್ಮಿಕರು ವಿವಾದ ಎತ್ತಬೇಕಾದರೆ ಇಬ್ಬರ ನಡುವೆ ಹಿತಾಸಕ್ತಿಯ ಸಮಾನತೆ ಇರಬೇಕು, ಇಲ್ಲಿ ಅದಿಲ್ಲ ಎಂದು ಬಹುಮತದ ತೀರ್ಪು ಬಂತು. ತಮಗೆ ಔಷಧ ಕೊಡುತ್ತಿದ್ದ ಡಾಕ್ಟರ ನೌಕರಿಯಲ್ಲಿ ಕೂಲಿಗಳಿಗೆ ಹಿತಾಸಕ್ತಿ ಇಲ್ಲ ಎನ್ನುವುದು ಇಂದಿಗೂ ಒಪ್ಪಲು ಕಷ್ಟವಾದ ಮಾತು. ಆದರೂ ‘ಸಮಾನ ಹಿತಾಸಕ್ತಿ’ ಎಂಬ ಅಳತೆಗೋಲು ನಮ್ಮ ಕಾನೂನಿಗೆ ಗೊತ್ತಿತ್ತು ಎಂಬುದಕ್ಕೆ ಇದು ಸಾಕ್ಷಿ. ಅಮೆರಿಕದಲ್ಲಿ ಘಟಕ ಗೊತ್ತುಮಾಡುವುದೇ ಈ ಗೋಲಿನಿಂದ. ಅಲ್ಲಿನ ಕಾರ್ಮಿಕ ಮಂಡಳಿ 1989ರಲ್ಲಿ ತುರ್ತು ಚಿಕಿತ್ಸೆಯಂಥ ಅಲ್ಪಾವಧಿ ಚಿಕಿತ್ಸೆಯ ಆಸ್ಪತ್ರೆಗಳಿಗೆ ನರ್ಸು, ವೈದ್ಯ, ಇತರ ವೃತ್ತಿಪರರು, ತಂತ್ರಜ್ಞರು, ಕುಶಲ ದುರಸ್ತಿಗಾರರು, ಕಚೇರಿ ಗುಮಾಸ್ತರು, ಕಾವಲುಗಾರರು, ಉಳಿದವರು ಎಂದು ಎಂಟು ಘಟಕಗಳನ್ನು ನಿಗದಿ ಮಾಡಿತು. 1991ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಪಟ್ಟಿಯಲ್ಲಿ ಡಾಕ್ಟರಿಗೂ ಒಂದು ಜಾಗವಿದೆ.

ಯಾರ ಹಾಜರಿ ಪುಸ್ತಕ?

ಎಮ್ಮಿಗನೂರು, ಆದೋನಿಯಂಥ ಊರುಗಳಲ್ಲಿ ಘಟಕವನ್ನು ನಿಜಕ್ಕೂ ಒಡೆಯುವುದು ಗುತ್ತಿಗೆ. ಸಂಹಿತೆಯ ಪ್ರಕಾರ ಹಲವು ಸಂಘಗಳಿರುವ ಕಡೆ ಶೇ. 51ರಷ್ಟು ಕಾರ್ಮಿಕರ ಬೆಂಬಲವಿರುವ ಸಂಘವೊಂದೇ ಸಂಧಾನಕ್ಕೆ ಅರ್ಹ. ಯಾರಿಗೂ ಅಷ್ಟಿಲ್ಲದಿದ್ದರೆ, ಶೇ. 20ಕ್ಕೆ ಕಡಿಮೆಯಿಲ್ಲದ ಬೆಂಬಲವಿರುವ ಸಂಘಗಳ ಸಂಧಾನ ಮಂಡಳಿ ರಚನೆಯಾಗುತ್ತದೆ. ಈ ಶೇಕಡಾ ಲೆಕ್ಕ ನಡೆಯುವುದು ಆ ಸಂಸ್ಥೆಯ ಹಾಜರಿ ಪುಸ್ತಕದಲ್ಲಿರುವ ಹೆಸರುಗಳ ಮೇಲೆ. 40 ಜನ ದುಡಿಯುವ ಒಂದು ನರ್ಸಿಂಗ್ ಹೋಮನ್ನು ಊಹಿಸಿಕೊಳ್ಳಿ. ಡಾಕ್ಟರು, ಮ್ಯಾನೇಜರು ಸೇರಿ ನಾಲ್ವರು ವ್ಯಾಖ್ಯೆಯ ಹೊರಗೆ. ಕಸ ಗುಡಿಸುವವರು, ಬಟ್ಟೆ ಒಗೆಯುವವರು, ಕಾವಲಿನವರು, ಚಾಲಕರು ಸೇರಿ 14 ಮಂದಿ ಏಜೆನ್ಸಿಯ ಕಡೆಯವರು. ಉಳಿದ 22 ಜನರಲ್ಲಿ 12 ಮಂದಿಯ ಬೆಂಬಲ ಸಿಕ್ಕರೆ ಸಂಘಕ್ಕೆ ಮನ್ನಣೆ. ಲೆಕ್ಕಕ್ಕೆ ಬಾರದ 14 ಮಂದಿ ಈ 12 ಮಂದಿಗಿಂತ ಹೆಚ್ಚಿದ್ದಾರೆ.

ಗುತ್ತಿಗೆಯವರು ತಮ್ಮದೇ ಸಂಘ ಕಟ್ಟಬಹುದು, ಆದರೆ ಅವರ ಮಾಲೀಕ ಏಜೆನ್ಸಿ. ಏಜೆನ್ಸಿಗೆ ಹಣ ಕೊಡುವುದು ಆಸ್ಪತ್ರೆ. ಗುತ್ತಿಗೆ ಮುಗಿದರೆ ಮಾತಾಡಲು ಎದುರಿಗೆ ಯಾರೂ ಉಳಿಯುವುದಿಲ್ಲ. ಗುತ್ತಿಗೆ ನಿಷೇಧವಾದ ಮಾತ್ರಕ್ಕೆ ಕಾಯಂ ನೌಕರಿ ತಾನಾಗಿ ಸಿಗುವುದಿಲ್ಲ ಎಂದು 2001ರಲ್ಲಿ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗುತ್ತಿಗೆ ಬರೀ ತೋರಿಕೆಯದು ಎಂದು ಕಾರ್ಮಿಕ ನ್ಯಾಯಾಲಯದಲ್ಲಿ ಸಾಬೀತುಪಡಿಸುವುದೊಂದೇ ದಾರಿ.

ಗಡಿ ಇಲ್ಲಿ ಮುಖ್ಯವಾಗುತ್ತದೆ. ಅವಿಭಜಿತ ಆಂಧ್ರಪ್ರದೇಶ 2003ರಲ್ಲಿ ಗುತ್ತಿಗೆ ಕಾರ್ಮಿಕ ಕಾಯ್ದೆಗೆ ತನ್ನದೇ ತಿದ್ದುಪಡಿ ತಂದು, ಸಂಸ್ಥೆಯ ‘ಮೂಲ ಚಟುವಟಿಕೆ’ಗೆ ಮಾತ್ರ ಗುತ್ತಿಗೆ ನಿಷೇಧಿಸಿತು. ಸಂಸ್ಥೆ ಅದಕ್ಕೆಂದೇ ಸ್ಥಾಪನೆಯಾಗಿಲ್ಲದಿದ್ದರೆ ನೈರ್ಮಲ್ಯ, ಕಾವಲು, ಕ್ಯಾಂಟೀನು, ಬಟ್ಟೆ ಒಗೆತ, ಆಂಬುಲೆನ್ಸ್ ಸೇರಿದಂತೆ ಸಾರಿಗೆ ಇವೆಲ್ಲ ಮೂಲ ಚಟುವಟಿಕೆಯಲ್ಲ ಎಂದಿತು. ಆಸ್ಪತ್ರೆಯಲ್ಲಿ ನಿಂತು ಈ ಪಟ್ಟಿ ಓದಿದರೆ ಎದೆ ಧಸಕ್ಕೆನ್ನುತ್ತದೆ. ಬಳ್ಳಾರಿಯ ಆಸ್ಪತ್ರೆಗೆ ಈ ಆಂಧ್ರದ ತಿದ್ದುಪಡಿ ತಾಗುತ್ತಿರಲಿಲ್ಲ, ಎಮ್ಮಿಗನೂರಿನ ಆಸ್ಪತ್ರೆಗೆ ತಾಗುತ್ತಿತ್ತು. 2025ರ ನವೆಂಬರಿನಲ್ಲಿ ಜಾರಿಯಾದ ಔದ್ಯೋಗಿಕ ಸುರಕ್ಷತಾ ಸಂಹಿತೆ ಹೆಚ್ಚುಕಡಿಮೆ ಅದೇ ಪಟ್ಟಿಯನ್ನು ದೇಶಕ್ಕೆಲ್ಲ ಹಾಸಿದೆ. ಅದರ ಗುತ್ತಿಗೆ ಅಧ್ಯಾಯ ಅನ್ವಯಿಸುವುದು 50 ಅಥವಾ ಅದಕ್ಕಿಂತ ಹೆಚ್ಚು ಗುತ್ತಿಗೆ ಕಾರ್ಮಿಕರಿರುವ ಕಡೆ. ಸಣ್ಣ ಊರಿನ ನರ್ಸಿಂಗ್ ಹೋಮು ಅದರ ಕೈಗೇ ಸಿಗುವುದಿಲ್ಲ.

ಇದೇ ದೇಶದ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಬೇರೆ ಬಗೆಯಲ್ಲಿ ಯೋಚಿಸಿವೆ. ತ್ಯಾಜ್ಯ ಮುಟ್ಟುವ ಆರೋಗ್ಯ ಸಿಬ್ಬಂದಿಗೂ ಇತರರಿಗೂ ಹೆಪಟೈಟಿಸ್ ಬಿ, ಧನುರ್ವಾಯು ಲಸಿಕೆ ಹಾಕಿಸುವ ಹೊಣೆ ಆಸ್ಪತ್ರೆಯದು. ಬಳಸಿದ ಸೂಜಿ ನರ್ಸಿಗೂ ಚುಚ್ಚೀತು, ಬಕೆಟ್ ಎತ್ತುವಾಕೆಗೂ ಚುಚ್ಚೀತು ಎಂಬ ಸತ್ಯವನ್ನು ಆ ನಿಯಮ ಗುರುತಿಸಿದೆ. ಅಪಾಯ ಒಂದೇ ಆಗಿರುವ ಕಡೆ ಹಿತಾಸಕ್ತಿಯೂ ಒಂದೇ. ಆಸ್ಪತ್ರೆಯ ಘಟಕವನ್ನು ಹಾಜರಿ ಪುಸ್ತಕದಿಂದ ಅಳೆಯುವುದಕ್ಕಿಂತ ವಾರ್ಡಿನಿಂದ ಅಳೆಯುವುದೇ ನ್ಯಾಯ.

ಸರ್ಕಾರಿ ಆಸ್ಪತ್ರೆಗಳ ಸ್ಥಿತಿ

ಸರ್ಕಾರಿ ಆಸ್ಪತ್ರೆಯಲ್ಲಿ ಒಡಕು ಇನ್ನೂ ಹೆಚ್ಚು. ಆಂಧ್ರದ ತಾಲೂಕು, ಜಿಲ್ಲಾ ಮಟ್ಟದ ಆಸ್ಪತ್ರೆಗಳಿಗಾಗಿ 1986ರ ಕಾಯ್ದೆ ವೈದ್ಯ ವಿಧಾನ ಪರಿಷತ್ತನ್ನು ಹುಟ್ಟುಹಾಕಿತು. ಕಾಯಂ ಸಿಬ್ಬಂದಿಗೆ ಸೇವಾ ನಿಯಮಗಳಿವೆ, ವೈದ್ಯರಿಗೂ ನರ್ಸುಗಳಿಗೂ ಪ್ರತ್ಯೇಕ ಸಂಘಗಳಿವೆ. ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕಿಲ್ಲ ಎಂದು 2003ರಲ್ಲಿ ತಮಿಳುನಾಡಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅವರ ಪಕ್ಕದಲ್ಲೇ ಗುತ್ತಿಗೆ ನರ್ಸುಗಳು, 2020ರಲ್ಲಿ ಕೆಲಸ ಆರಂಭಿಸಿದ ರಾಜ್ಯದ ಹೊರಗುತ್ತಿಗೆ ನಿಗಮದ ಮೂಲಕ ಬಂದವರು, ನೈರ್ಮಲ್ಯ ಏಜೆನ್ಸಿಯವರು ಇರುತ್ತಾರೆ. ಬಾಗಿಲಲ್ಲಿ ನಿಂತ 108 ವಾಹನದ ಸಿಬ್ಬಂದಿಗೆ, 2005ರಲ್ಲಿ ಸೇವೆ ಶುರುವಾದಂದಿನಿಂದಲೂ, ಮಾಲೀಕರು ಅದನ್ನು ನಡೆಸುವ ಸಂಸ್ಥೆಯವರು. ಹೆರಿಗೆಗೆ ಹಳ್ಳಿಯಿಂದ ಹೆಂಗಸನ್ನು ಕರೆತರುವ ಆಶಾ ಕಾರ್ಯಕರ್ತೆ ಕಾನೂನಿನ ಕಣ್ಣಿಗೆ ಸ್ವಯಂಸೇವಕಿ. 2019ರಿಂದ ಆಂಧ್ರದಲ್ಲಿ ತಿಂಗಳಿಗೆ 10,000 ರೂ. ಗೌರವಧನ. ಯೋಜನಾ ಕಾರ್ಯಕರ್ತೆಯರನ್ನು ಕಾರ್ಮಿಕರೆಂದು ಪರಿಗಣಿಸಬೇಕೆಂದು 2013ರ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ ಶಿಫಾರಸು ಮಾಡಿತ್ತು. ಆಂಧ್ರದ ಆಶಾ ಕಾರ್ಯಕರ್ತೆಯರು ಆ ಮನ್ನಣೆಗೆ ಕಾಯದೆ ಸಿ.ಐ.ಟಿ.ಯು. ಜೊತೆಗೂಡಿ ಸಂಘ ಕಟ್ಟಿಕೊಂಡಿದ್ದಾರೆ. ಘಟಕವನ್ನು ಕಾನೂನು ಕೊಡದಿದ್ದಾಗ ಬೀದಿಯಲ್ಲಿ ಕಟ್ಟಬಹುದು ಎಂಬುದಕ್ಕೆ ಈ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಖಾಸಗಿ ನರ್ಸುಗಳ ಸಂಬಳದ ವಿಷಯದಲ್ಲಿ, ಸುಪ್ರೀಂ ಕೋರ್ಟಿನ 2016ರ ಆದೇಶದಂತೆ ರಚನೆಯಾದ ಸಮಿತಿ 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಗಳಲ್ಲೂ ತಿಂಗಳಿಗೆ 20,000 ರೂ.ಗೆ ಕಡಿಮೆ ಇರಬಾರದೆಂದಿತು. ಅದು ಶಿಫಾರಸು ಮಾತ್ರ. ಅದನ್ನು ಜಾರಿ ಮಾಡಿಸುವ ಬಲ ಸಂಘಟಿತ ಘಟಕದಿಂದಲೇ ಬರಬೇಕು, ಕೇರಳದಲ್ಲಿ ನರ್ಸುಗಳು ಅದನ್ನು ತೋರಿಸಿಕೊಟ್ಟಿದ್ದಾರೆ.

ಆದೋನಿಯನ್ನೂ ಸೇರಿಸಿ 10 ಹೊಸ ವೈದ್ಯಕೀಯ ಕಾಲೇಜುಗಳನ್ನು ಸರ್ಕಾರಿ–ಖಾಸಗಿ ಸಹಭಾಗಿತ್ವದಲ್ಲಿ ಬೆಳೆಸಲು ಆಂಧ್ರ ಸರ್ಕಾರ 2025ರಲ್ಲಿ ನಿರ್ಧರಿಸಿತು. ಇಂಥ ಕಡೆ ಬೋಧನಾ ಆಸ್ಪತ್ರೆಯ ನರ್ಸು, ಟೆಕ್ನಿಷಿಯನ್, ಆಯಾ, ಸ್ವಚ್ಛತಾ ಸಿಬ್ಬಂದಿಯ ಮಾಲೀಕ ಸರ್ಕಾರವೋ, ಖಾಸಗಿ ಪಾಲುದಾರನೋ, ಅವನು ಕರೆತರುವ ಏಜೆನ್ಸಿಯೋ ಎಂಬುದು ಸಹಭಾಗಿತ್ವದ ಕರಾರಿನಲ್ಲೇ ತೀರ್ಮಾನವಾಗುತ್ತದೆ, ಮೊದಲ ಸಂಘ ನೋಂದಣಿಯಾಗುವುದಕ್ಕೂ ಮುಂಚೆ. ಆ ಕರಾರು ಬರೆಯುವ ಮೇಜಿನಲ್ಲಿ ನೌಕರರಿಗೆ ಕುರ್ಚಿ ಹಾಕಬೇಕೆಂದು ಈಗಿನ ಯಾವ ಸಂಹಿತೆಯೂ ಹೇಳುವುದಿಲ್ಲ.