ರಬ್ಬರಿನ ಹಾಲೂ ಅಕ್ಕನ ಕೈಗಳೂ

ನಮ್ಮ ದಿಗ್ಗೇವಾಡಿ ಕಬ್ಬಿನ ಸೀಮೆ. ಇಲ್ಲಿ ರಬ್ಬರಿನ ಗಿಡವಿಲ್ಲ. ಆದರೆ ಹಾಲು ಸುರಿಸುವ ಗಿಡಗಳು ನಮಗೆ ಹೊಸವಲ್ಲ. ಹುಡುಗರಾಗಿದ್ದಾಗ ಬೇಲಿಯ ಎಕ್ಕೆಯನ್ನೋ ಕಳ್ಳಿಯನ್ನೋ ಮುರಿದರೆ, “ಆ ಕೈ ಕಣ್ಣಿಗೆ ಹಚ್ಚಬ್ಯಾಡೋ” ಎಂದು ಅವ್ವ ಗದರುತ್ತಿದ್ದಳು.

ಅಕ್ಕ ಪರಊರಿನ ಆಸ್ಪತ್ರೆಯೊಂದರಲ್ಲಿ ದಾದಿಯಾದಳು. ರಬ್ಬರಿನ ಕೈಗವಸು ತೊಟ್ಟಾಗಲೆಲ್ಲ ಅವಳ ಕೈ ಕೆಂಪೇರಿ ದದ್ದು ಏಳುವುದು. ಸೀನು, ಕಣ್ಣೀರು ಬೇರೆ. ಸಾಬೂನಿನ ದೋಷವೆಂದರು ಕೆಲವರು. ಕೆಲಸಗಳ್ಳತನವೆಂದರು ಮತ್ತೆ ಕೆಲವರು. ಆ ಮಾತು ನನಗೆ ಚುಚ್ಚಿತು. ಕಾರಣವನ್ನು ಅರಸುತ್ತ ಹೊರಟವನಿಗೆ ಒಂದು ಚರಿತ್ರೆಯೇ ತೆರೆಯಿತು.

ರಬ್ಬರಿನ ತವರು ಬ್ರೆಜಿಲ್. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಎಂಬ ಆಂಗ್ಲನು ಅಲ್ಲಿಂದ ಸುಮಾರು 70,000 ಬೀಜಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸಾಗಿಸಿದನು. ಅಲ್ಲಿ ಮೊಳೆತ ಸಸಿಗಳು ಸಿಂಹಳಕ್ಕೆ ಬಂದವು. 1902ರಲ್ಲಿ ಕೇರಳದ ಪೆರಿಯಾರ್ ದಂಡೆಯಲ್ಲಿ ತೋಟವೆದ್ದಿತು. 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದಂತೆ ಸಿಂಹಳದಿಂದ ಮರಳಿದ ತಮಿಳು ಕುಟುಂಬಗಳಿಗೆ ನಮ್ಮ ಸುಳ್ಯ, ಪುತ್ತೂರುಗಳ ರಬ್ಬರು ತೋಟಗಳೇ ಅನ್ನದ ದಾರಿಯಾದವು. ಹೀಗೆ ಎಷ್ಟೋ ಮನೆಗಳ ಒಲೆ ಉರಿಸಿದ ಹಾಲು ಇದು.

ಇನ್ನು ಕೈಗವಸಿನ ಕಥೆ. ಅಮೆರಿಕೆಯ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ದಾದಿಯ ಕೈಗಳು ಕ್ರಿಮಿನಾಶಕ ದ್ರಾವಣದಿಂದ ಹುಣ್ಣಾಗುತ್ತಿದ್ದವು. ಅವುಗಳ ರಕ್ಷಣೆಗೆಂದೇ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ 1889-90ರ ಚಳಿಗಾಲದಲ್ಲಿ ತೆಳು ರಬ್ಬರಿನ ಕೈಗವಸು ಮಾಡಿಸಿದನು. 1890ರಲ್ಲಿ ಅವರಿಬ್ಬರ ಮದುವೆಯೂ ಆಯಿತು! ಒಬ್ಬ ದಾದಿಯ ಕೈ ಕಾಯಲು ಹುಟ್ಟಿದ ವಸ್ತುವೇ ಮುಂದೆ ಇನ್ನೆಷ್ಟೋ ದಾದಿಯರ ಕೈಗೆ ಮುಳ್ಳಾದದ್ದು ವಿಧಿಯ ವಿನೋದವೆನ್ನಬೇಕೆ?

1979ರಲ್ಲಿ ಬ್ರಿಟನ್ನಿನ ವೈದ್ಯರೊಬ್ಬರು ಇಂಥ ಅಲರ್ಜಿಯನ್ನು ವರದಿ ಮಾಡಿದರು. 1980ರ ದಶಕದಲ್ಲಿ ಏಡ್ಸ್ ಭೀತಿಯಿಂದ ಕೈಗವಸಿನ ಬಳಕೆ ಹೆಚ್ಚಿದಂತೆ ಈ ಬಾಧೆಯೂ ಹೆಚ್ಚಿತು. ಎಕ್ಕೆಯ ಹಾಲು ಯಾರ ಕಣ್ಣಿಗೆ ಬಿದ್ದರೂ ಉರಿಯುತ್ತದೆ. ರಬ್ಬರಿನ ಹಾಲಿನ ಪ್ರೋಟೀನು ಕೆಲವರಿಗಷ್ಟೇ ಒಗ್ಗದು. ಆದ್ದರಿಂದಲೇ ಉಳಿದವರಿಗೆ ನಂಬಿಕೆ ಬಾರದು. ಕೈಗವಸಿನ ಒಳಗಿನ ಪುಡಿ ಆ ಪ್ರೋಟೀನನ್ನು ಹೊತ್ತು ಗಾಳಿಯಲ್ಲಿ ಹಾರುತ್ತದೆ. ಅಕ್ಕನ ಸೀನಿಗೆ ಕಾರಣ ಅದೇ. ಪುಡಿ ಹಾಕಿದ ಕೈಗವಸುಗಳನ್ನು ಅಮೆರಿಕೆ 2017ರಲ್ಲಿ ನಿಷೇಧಿಸಿತು. ಇಂಥವರಲ್ಲಿ ಕೆಲವರಿಗೆ ಬಾಳೆಹಣ್ಣೂ ಆಗದು, ಏಕೆಂದರೆ ಎರಡರ ಪ್ರೋಟೀನುಗಳಲ್ಲಿ ಹೋಲಿಕೆಯುಂಟು.

ಕೈ ತುರಿಸಿದ್ದೆಲ್ಲ ಈ ರೋಗವಲ್ಲ. ಬೆವರು, ಸಾಬೂನು, ರಬ್ಬರಿಗೆ ಬೆರೆಸುವ ರಾಸಾಯನಿಕಗಳೂ ಕಾರಣವಾಗಬಹುದು. ಆದರೆ ನಿಜವಾದ ಅಲರ್ಜಿ ನಿಮಿಷಗಳಲ್ಲೇ ಉಸಿರು ಕಟ್ಟಿಸಿ ಪ್ರಾಣಕ್ಕೆ ಎರವಾದೀತು. ಬಲೂನು ಊದಿದಾಗ ತುಟಿ ಬಾತುಕೊಂಡ ಅನುಭವವುಳ್ಳವರು ಹಲ್ಲು ಕೀಳಿಸುವ ಮೊದಲೇ, ಶಸ್ತ್ರಕ್ರಿಯೆಗೆ ಮೊದಲೇ, ವೈದ್ಯರಿಗೆ ತಿಳಿಸುವುದು ಲೇಸು.

ಅಕ್ಕ ಈಗ ನೈಟ್ರೈಲ್ ಎಂಬ ಕೃತಕ ವಸ್ತುವಿನ ಕೈಗವಸು ತೊಡುತ್ತಾಳೆ. ಕೈ ವಾಸಿಯಾಗಿದೆ. “ಕೈಗಿಂತ ಆ ಮಾತs ಹೆಚ್ಚು ಉರೀತಿತ್ತು ನೋಡಪಾ” ಎಂದು ಮೊನ್ನೆ ಊರಿಗೆ ಬಂದಾಗ ಅಂದಳು. ನಾನು ಸುಮ್ಮನೆ ತಲೆಯಾಡಿಸಿದೆ.