ಕಥೆಯಲ್ಲಿ ನಿಷಿದ್ಧ ಪ್ರಯೋಗ: ಛಲ-ಜಾತಿಗಳ ವಿಚಾರ

ಪಂಥವಿರುವಲ್ಲೆಲ್ಲ ಒಂದು ಪ್ರಶ್ನೆ ಹುಟ್ಟಿಯೇ ತೀರುತ್ತದೆ. ಯಾವುದೋ ಒಂದು ಪಟ್ಟು ಮಿಕ್ಕೆಲ್ಲ ಪಟ್ಟುಗಳನ್ನೂ ಮೀರಿದ ಬಲವುಳ್ಳದ್ದಾಗಿ, ಅದನ್ನು ಕಲಿತವನು ಬೇರೆ ಕೌಶಲವೊಂದೂ ಇಲ್ಲದೆ ಗೆಲ್ಲುವಂತಾದರೆ, ಅದನ್ನು ನಿಷೇಧಿಸಬೇಕೋ? ಅಥವಾ ಅದಕ್ಕೆ ಪ್ರತೀಕಾರವನ್ನು ಹುಡುಕುವುದು ಎದುರಾಳಿಯ ಹೊಣೆಯೆಂದು ಸುಮ್ಮನಿರಬೇಕೋ? ಗದಾಯುದ್ಧದಲ್ಲಿ ನಾಭಿಯ ಕೆಳಗೆ ಹೊಡೆಯಬಾರದೆಂಬ ಕಟ್ಟಳೆಯೂ, ಅದನ್ನು ಮೀರಿದ ಭೀಮನ ಮೇಲೆ ಬಲರಾಮನಿಗೆ ಬಂದ ಕೋಪವೂ ವಾಚಕರಿಗೆ ತಿಳಿದೇ ಇವೆ. ಈಗಿನ ಹುಡುಗರು ಗಣಕಯಂತ್ರದ ಮೇಲೆ ಪಂಥ ಕಟ್ಟಿ ಆಡುವ ಆಟಗಳಲ್ಲಿಯೂ ಇದೇ ಚರ್ಚೆ ನಡೆಯುತ್ತಿದೆಯಂತೆ. ಆದರೆ ಈ ಪ್ರಶ್ನೆಯನ್ನು ಸಾವಿರಕ್ಕೂ ಹೆಚ್ಚು ವರ್ಷಗಳ ಕಾಲ, ಉಭಯಪಕ್ಷಗಳ ಯುಕ್ತಿಗಳನ್ನೂ ಬರೆದಿಟ್ಟುಕೊಂಡು ವಿಚಾರಿಸಿದ ಸ್ಪರ್ಧೆ ನಮ್ಮಲ್ಲಿಯೇ ಒಂದುಂಟು. ಅದು ಶಾಸ್ತ್ರಕಾರರು ‘ಕಥೆ’ಯೆಂದು ಕರೆದ ವಿದ್ವತ್ಸಭೆಯ ವಾದಯುದ್ಧ. ಆ ವಿಚಾರದ ಇತಿಹಾಸವನ್ನು ಸಂಗ್ರಹಿಸಿ, ಅದರಲ್ಲಿ ಕನ್ನಡನಾಡಿಗೆ ಸಂಬಂಧಿಸಿದ ಒಂದು ಸಿದ್ಧಾಂತದ ಕಡೆಗೆ ವಿದ್ವಾಂಸರ ಗಮನವನ್ನು ಸೆಳೆಯುವುದು ಈ ಲೇಖನದ ಉದ್ದೇಶವಾಗಿದೆ.

ಕಥೆಯನ್ನು ಆಟಕ್ಕೆ ಹೋಲಿಸುವುದು ಅತಿಶಯವಲ್ಲ. ವಾದಿ, ಪ್ರತಿವಾದಿ, ಸಭ್ಯರು, ಸಭಾಪತಿ ಎಂಬ ನಾಲ್ಕು ಅಂಗಗಳುಳ್ಳುದರಿಂದ ಅದನ್ನು ಪ್ರಾಚೀನರು ‘ಚತುರಂಗ’ವೆಂದೇ ಕರೆದಿರುವರು. ಜಯಪರಾಜಯಗಳನ್ನು ಸಭ್ಯರು ನಿರ್ಣಯಿಸುತ್ತಿದ್ದರು. ಗೆದ್ದವನಿಗೆ ರಾಜಸನ್ಮಾನ, ಸೋತವನಿಗೆ ಮಾನಭಂಗ. ಹೀಗಿರಲು ಗೆಲ್ಲುವುದಕ್ಕಾಗಿಯೇ ಹುಟ್ಟಿದ ಪ್ರಯೋಗಗಳು ಬೆಳೆದುದರಲ್ಲಿ ಆಶ್ಚರ್ಯವೇನೂ ಇಲ್ಲ. ಚರಕಸಂಹಿತೆಯ ವಿಮಾನಸ್ಥಾನದ ೮ನೆಯ ಅಧ್ಯಾಯವು ವೈದ್ಯರ ಸಂಭಾಷೆಯನ್ನು ಸ್ನೇಹದ ಸಂಧಾಯ, ಹಗೆತನದ ವಿಗೃಹ್ಯ ಎಂದು ಎರಡಾಗಿ ವಿಭಾಗಿಸುತ್ತದೆ. ಎರಡನೆಯದರಲ್ಲಿ ಓದಿಲ್ಲದವನನ್ನು ಉದ್ದವಾದ ಸೂತ್ರಪಾಠದಿಂದ ಅಡಗಿಸಬೇಕೆಂದೂ, ಮಾತನ್ನು ನೆನಪಿನಲ್ಲಿ ಹಿಡಿದಿಡಲಾರದವನ ಮೇಲೆ ಸುತ್ತುಬಳಸಿನ ನೀಳವಾಕ್ಯಗಳನ್ನು ಹೇರಬೇಕೆಂದೂ ಸಂಕೋಚವಿಲ್ಲದೆ ಉಪದೇಶಿಸುತ್ತದೆ. ಇಲ್ಲಿ ನಿಷೇಧದ ಸುಳಿವೇ ಇಲ್ಲ. ಎದುರಾಳಿಯ ದೌರ್ಬಲ್ಯವನ್ನರಿತು ಹೊಡೆಯುವುದೇ ನೀತಿ.

ಇಂತಹ ಪ್ರಯೋಗಗಳಿಗೆ ಕ್ರಮವಾದ ಲಕ್ಷಣವನ್ನು ಬರೆದವನು ನ್ಯಾಯಸೂತ್ರಕಾರನಾದ ಅಕ್ಷಪಾದ. ತತ್ತ್ವನಿರ್ಣಯಕ್ಕಾಗಿ ನಡೆಯುವ ಕಥೆ ವಾದ. ಗೆಲ್ಲಬೇಕೆಂಬವರ ಕಥೆ ಜಲ್ಪ. ತನ್ನದೆಂಬ ಪಕ್ಷವನ್ನು ಸ್ಥಾಪಿಸದೆ ಪರಪಕ್ಷವನ್ನು ಮುರಿಯುವುದು ಮಾತ್ರವಿದ್ದರೆ ಅದು ವಿತಂಡೆ. ಜಲ್ಪದಲ್ಲಿ ಛಲ, ಜಾತಿ, ನಿಗ್ರಹಸ್ಥಾನಗಳಿಗೆ ಅವಕಾಶವುಂಟು. ಛಲವೆಂದರೆ ಇಲ್ಲಿ ಕನ್ನಡದ ಹಟವಲ್ಲ, ಮಾತಿನ ಕಪಟ. ‘ನವಕಂಬಲ’ನೆಂದು ಹೊಸ ಕಂಬಳಿಯವನನ್ನು ಕುರಿತು ಹೇಳಿದರೆ, ‘ಇವನಿಗೆ ಒಂಬತ್ತು ಕಂಬಳಿಗಳೆಲ್ಲಿವೆ?’ ಎಂದು ಕೇಳುವುದು ಅದರ ಪ್ರಸಿದ್ಧ ಉದಾಹರಣೆ. ಇದು ಮೂರು ವಿಧ. ಇದಕ್ಕಿಂತ ಪ್ರಬಲವಾದುದು ಜಾತಿ. ಹುಟ್ಟಿನ ಜಾತಿಗೂ ಇದಕ್ಕೂ ಸಂಬಂಧವಿಲ್ಲ. ವ್ಯಾಪ್ತಿಯನ್ನು ನೋಡದೆ ಬರಿಯ ಸಾಮ್ಯ ವೈಷಮ್ಯಗಳ ಬಲದಿಂದ ಕೊಡುವ ಅಸದುತ್ತರಕ್ಕೆ ಆ ಹೆಸರು. ಇದು ೨೪ ವಿಧ.

ಜಾತಿಯ ಬಲವೆಷ್ಟೆಂಬುದನ್ನು ಒಂದು ನಿದರ್ಶನದಿಂದ ತಿಳಿಯಬಹುದು. ವಾದಿಯು ಯಾವ ಹೇತುವನ್ನೇ ಹೇಳಲಿ, ಪ್ರತಿವಾದಿ ಹೀಗೆ ಕೇಳುತ್ತಾನೆ: ‘ನಿನ್ನ ಹೇತುವು ಸಾಧ್ಯವನ್ನು ಮುಟ್ಟಿ ಸಾಧಿಸುವುದೋ, ಮುಟ್ಟದೆ ಸಾಧಿಸುವುದೋ? ಮುಟ್ಟಿದರೆ ಎರಡೂ ಒಂದೆಡೆ ಇರುವುದರಿಂದ ಯಾವುದು ಸಾಧಕ, ಯಾವುದು ಸಾಧ್ಯವೆಂಬ ಭೇದವುಳಿಯದು. ಮುಟ್ಟದಿದ್ದರೆ, ವಸ್ತುವನ್ನು ಮುಟ್ಟದ ದೀಪವು ಅದನ್ನು ಬೆಳಗದಂತೆ, ಹೇತುವೂ ಏನನ್ನೂ ಸಾಧಿಸದು.’ ಇದೇ ಪ್ರಾಪ್ತಿಸಮ, ಅಪ್ರಾಪ್ತಿಸಮಗಳೆಂಬ ಜೋಡಿ. ಈ ಪ್ರಶ್ನೆಗೆ ವಾದದ ವಿಷಯವೇ ಬೇಕಿಲ್ಲ. ಶಬ್ದವು ಅನಿತ್ಯವೆಂದರೂ ಸರಿ, ಬೆಟ್ಟದಲ್ಲಿ ಬೆಂಕಿಯಿದೆಯೆಂದರೂ ಸರಿ, ಎಲ್ಲಕ್ಕೂ ಇದೊಂದೇ ಏಟು. ಶಾಸ್ತ್ರವನ್ನೇ ಓದದವನು ಇದೊಂದನ್ನು ಬಾಯಿಪಾಠ ಮಾಡಿಕೊಂಡು ಸಭೆಗೆ ಬರಬಹುದಾಗಿದೆ!

ಹೀಗಿದ್ದರೂ ಅಕ್ಷಪಾದನು ಜಾತಿಯನ್ನು ಜಲ್ಪದಿಂದ ಹೊರದೂಡಲಿಲ್ಲ. ಮೊಳಕೆಯನ್ನು ಕಾಪಾಡಲು ಮುಳ್ಳಿನ ಬೇಲಿಯನ್ನು ಹಾಕುವಂತೆ ತತ್ತ್ವವನ್ನು ಕಾಪಾಡಲು ಜಲ್ಪವಿತಂಡೆಗಳು ಬೇಕೆಂಬುದು ಅವನ ಸಮಾಧಾನ. ಆದರೆ ಅವನು ಮಾಡಿದ ಇನ್ನೊಂದು ಕೆಲಸವು ಇದಕ್ಕಿಂತ ಗಮನಾರ್ಹವಾದುದು. ಒಂದೊಂದು ಜಾತಿಗೂ ಹೆಸರಿಟ್ಟು, ಲಕ್ಷಣ ಹೇಳಿ, ಉತ್ತರವನ್ನೂ ಕಲಿಸಿದನು. ಮೇಲಿನ ಜೋಡಿಗೆ ಅವನ ಉತ್ತರವಿಷ್ಟೆ: ಮಣ್ಣನ್ನು ಮುಟ್ಟಿ ಗಡಿಗೆಯಾಗುವುದೂ ಉಂಟು, ಅಭಿಚಾರದಿಂದ ಮುಟ್ಟದೆಯೇ ಪೀಡೆಯಾಗುವುದೂ ಉಂಟು, ಆದುದರಿಂದ ಎರಡು ಬಗೆಯ ಸಾಧಕಗಳೂ ಲೋಕಸಿದ್ಧವಾಗಿವೆ. ಅಲ್ಲದೆ ೨೨ ನಿಗ್ರಹಸ್ಥಾನಗಳಲ್ಲಿ ‘ಪರ್ಯನುಯೋಜ್ಯೋಪೇಕ್ಷಣ’ವನ್ನೂ ಸೇರಿಸಿದನು. ಎದುರಾಳಿಯು ಸೋಲಿನ ಸ್ಥಾನಕ್ಕೆ ಬಂದಿದ್ದರೂ ಅದನ್ನು ತೋರಿಸದೆ ಬಿಟ್ಟವನು ತಾನೇ ನಿಗ್ರಹಕ್ಕೆ ಪಾತ್ರನಾಗುವನು. ಕಪಟವನ್ನು ಬಲ್ಲವನಿಗೆ ಅದರಿಂದ ಭಯವಿಲ್ಲ, ಅರಿಯದಿರುವುದೇ ದೋಷ. ಕ್ರಿ.ಶ. ೧೦೦೦ದ ಆಸುಪಾಸಿನಲ್ಲಿದ್ದ ಉದಯನಾಚಾರ್ಯನು ಇದನ್ನು ಇನ್ನೂ ಹರಿತಗೊಳಿಸಿ, ಜಾತಿಯು ಸ್ವವ್ಯಾಘಾತಕವೆಂದನು. ‘ನಿನ್ನ ಈ ದೂಷಣೆಯು ದೂಷ್ಯವನ್ನು ಮುಟ್ಟಿ ದೂಷಿಸುವುದೋ, ಮುಟ್ಟದೆಯೋ?’ ಎಂದು ತಿರುಗಿ ಕೇಳಿದೊಡನೆ ಕೊಡಲಿಯು ಹಿಡಿದವನ ಕಾಲನ್ನೇ ಕಡಿಯುತ್ತದೆ.

ನಿಷೇಧದ ಪಕ್ಷವನ್ನು ಬಲವಾಗಿ ಹಿಡಿದವನು ೭ನೆಯ ಶತಮಾನದ ಬೌದ್ಧಾಚಾರ್ಯ ಧರ್ಮಕೀರ್ತಿ. ಅವನ ವಾದನ್ಯಾಯವು ಬಹುಕಾಲ ಸಂಸ್ಕೃತದಲ್ಲಿ ಲುಪ್ತವಾಗಿತ್ತು. ೧೯೩೦ರ ದಶಕದಲ್ಲಿ ರಾಹುಲ ಸಾಂಕೃತ್ಯಾಯನರು ಟಿಬೆಟ್ಟಿನಲ್ಲಿ ಕಂಡುಹಿಡಿದು ಪ್ರಕಟಿಸಿದ ಮೇಲೆ ಮೂಲವು ನಮಗೆ ದೊರೆಯಿತು. ತತ್ತ್ವರಕ್ಷಣೆಗಾಗಿ ಛಲಾದಿಗಳು ಸಲ್ಲುವುದಾದರೆ ಉಗುರು, ಕಪಾಳದ ಏಟು, ಆಯುಧ, ಬೆಂಕಿ ಇವೂ ಸಲ್ಲುವುವೆಂದು ಹೇಳಬೇಕಾದೀತೆಂಬುದು ಅವನ ಪರಿಹಾಸ. ಸಜ್ಜನರ ಕಥೆಯಲ್ಲಿ ಕಪಟಕ್ಕೆ ಎಡೆಯಿಲ್ಲವೆಂದು ಸಾರಿ, ೨೨ ನಿಗ್ರಹಸ್ಥಾನಗಳ ಬದಲು ಎರಡನ್ನು ಮಾತ್ರ ಅವನು ಉಳಿಸಿಕೊಂಡನು. ಸಾಧನೆಗೆ ಅಂಗವಲ್ಲದುದನ್ನು ನುಡಿಯುವುದು ವಾದಿಯ ಸೋಲು. ನಿಜವಾದ ದೋಷವನ್ನು ತೋರಿಸದಿರುವುದು ಪ್ರತಿವಾದಿಯ ಸೋಲು. ನೋಡುವುದಕ್ಕೆ ಇದು ಬಹು ನಿರ್ಮಲವಾದ ವ್ಯವಸ್ಥೆ.

ಆದರೆ ಇದರಲ್ಲಿಯೇ ಒಂದು ತೊಡಕು ಅಡಗಿತ್ತು. ಅದನ್ನು ಎತ್ತಿ ತೋರಿಸಿದವನು ೮ನೆಯ ಶತಮಾನದ ಜೈನತಾರ್ಕಿಕ ಭಟ್ಟಾಕಲಂಕ. ವಾದಿಯು ತನ್ನ ಪಕ್ಷವನ್ನು ನಿರ್ದುಷ್ಟವಾಗಿ ಸಾಧಿಸಿದ್ದಾನೆ. ಆದರೆ ಬೇಡದ ಒಂದು ಮಾತನ್ನು ಹೆಚ್ಚಾಗಿ ಆಡಿಬಿಟ್ಟನು. ಧರ್ಮಕೀರ್ತಿಯ ಕಟ್ಟಳೆಯಂತೆ ಅವನು ಸೋತನು! ಅಂದರೆ ಕಪಟವನ್ನು ತಡೆಯಲು ಮಾಡಿದ ನಿಯಮವು ತಾನೇ ಹೊಸದೊಂದು ಆಯುಧವಾಯಿತು. ಎದುರಾಳಿಯು ಇನ್ನು ವಿಷಯವನ್ನು ಬಿಟ್ಟು ಹೆಚ್ಚಿನ ಮಾತನ್ನೇ ಕಾಯುತ್ತ ಕುಳಿತಿರಬಹುದು. ಇದಕ್ಕೆ ಅಕಲಂಕನ ಪರಿಹಾರವು ಸರಳವಾಗಿದೆ. ಒಬ್ಬನ ಸ್ವಪಕ್ಷಸಿದ್ಧಿಯೇ ಮತ್ತೊಬ್ಬನ ನಿಗ್ರಹ. ಅದಲ್ಲದೆ ಬೇರೆ ನಿಗ್ರಹವಿಲ್ಲ. ಛಲದಿಂದಾಗಲಿ ಜಾತಿಯಿಂದಾಗಲಿ ಎದುರಾಳಿಯನ್ನು ಮೂಕನನ್ನಾಗಿ ಮಾಡಿದವನಿಗೆ ಸ್ವಪಕ್ಷವು ಸಿದ್ಧಿಸಲಿಲ್ಲವಾದುದರಿಂದ ಅವನು ಗೆದ್ದಂತಲ್ಲ. ಮಾತು ತಪ್ಪಿದವನ ಪಕ್ಷವು ಸಿದ್ಧಿಸಿದ್ದರೆ ಅವನು ಸೋತಂತೆಯೂ ಅಲ್ಲ. ಅವನ ಸಿದ್ಧಿವಿನಿಶ್ಚಯದಲ್ಲಿ ‘ಜಲ್ಪಸಿದ್ಧಿ’ಯೆಂಬ ಪ್ರಸ್ತಾವವೇ ಇದೆ. ಅನಂತವೀರ್ಯನ ಟೀಕೆಯಿಂದ ಅದರ ಮೂಲವನ್ನು ಉದ್ಧರಿಸಿ ಮಹೇಂದ್ರಕುಮಾರ ಜೈನರು ೧೯೫೯ರಲ್ಲಿ ಪ್ರಕಟಿಸಿರುವರು. ಅಲ್ಲಿ ಜಲ್ಪವೆಂದರೆ ಸಮರ್ಥವಾದ ವಚನವೆಂದೇ ಅರ್ಥ. ಕಪಟಕ್ಕೆ ಅದರಲ್ಲಿ ಪಾಲಿಲ್ಲ.

ಈ ಅಕಲಂಕನನ್ನು ಕನ್ನಡನಾಡು ನೆನಪಿನಲ್ಲಿಟ್ಟುಕೊಂಡುದು ಮಾತ್ರ ಬೇರೊಂದು ರೀತಿಯಲ್ಲಿ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿರುವ, ೧೧೨೯ರ ಮಲ್ಲಿಷೇಣ ಪ್ರಶಸ್ತಿಯು ಹಿಮಶೀತಲರಾಜನ ಸಭೆಯಲ್ಲಿ ಅವನು ಬೌದ್ಧರನ್ನು ಜಯಿಸಿದುದನ್ನೂ, ಗಡಿಗೆಯಲ್ಲಿ ಗುಪ್ತವಾಗಿ ಇಳಿದಿದ್ದ ತಾರಾದೇವಿಯನ್ನು ಸೋಲಿಸಿದುದನ್ನೂ ಹೊಗಳುತ್ತದೆ. ಪರದೆಯ ಮರೆಯಿಂದ ದೇವಿಯೇ ಉತ್ತರ ಹೇಳುತ್ತಿದ್ದಳೆಂದೂ, ಒಮ್ಮೆ ಹೇಳಿದುದನ್ನು ಮತ್ತೊಮ್ಮೆ ಹೇಳೆಂದು ಕೇಳಿದಾಗ ಅವಳು ಸುಮ್ಮನಾದಳೆಂದೂ ಜೈನಕಥೆಗಳು ವಿಸ್ತರಿಸುತ್ತವೆ. ಕೊನೆಗೆ ಕಾಲಿನಿಂದ ಒದೆದು ಒಡೆದುದು ಪ್ರಸಿದ್ಧವಾಗಿದೆ. ಅಹಂಕಾರದಿಂದಲ್ಲ, ದ್ವೇಷದಿಂದಲ್ಲ, ಕರುಣೆಯಿಂದ ಹಾಗೆ ಮಾಡಿದೆನೆಂದು ಅವನ ಬಾಯಿಂದಲೇ ಶಾಸನವು ಹೇಳಿಸುತ್ತದೆ. ಈ ಕಥೆಯನ್ನು ಚರಿತ್ರೆಯೆಂದು ಸ್ವೀಕರಿಸಲು ನಾನು ಸಿದ್ಧನಿಲ್ಲ. ಆದರೆ ಪ್ರಶಸ್ತಿಯ ಕವಿ ಮೆಚ್ಚಿದುದು ಒದೆತವನ್ನು; ಅಕಲಂಕನು ತನ್ನ ಗ್ರಂಥದಲ್ಲಿ ಮೆಚ್ಚಿದುದು ಸಿದ್ಧಿಯನ್ನು. ಧರ್ಮಕೀರ್ತಿ ಯಾವ ಬಗೆಯ ಏಟುಗಳನ್ನು ಪರಿಹಾಸ ಮಾಡಿದ್ದನೋ ಅಂತಹುದರಿಂದಲೇ ಅವನ ಮತೀಯರನ್ನು ಗೆದ್ದಂತೆ ಕಥೆ ಕಟ್ಟಿದುದು ವಿಧಿವಿಲಾಸವೆನ್ನಬೇಕು. ಸಭೆಯು ಸಿದ್ಧಾಂತವನ್ನು ಮರೆತು ಗೆಲುವನ್ನು ಮಾತ್ರ ನೆನೆಯುತ್ತದೆ.

ಅನಂತರದ ಕಾಲದಲ್ಲಿ ೧೨ನೆಯ ಶತಮಾನದ ಶ್ರೀಹರ್ಷನು ಖಂಡನಖಂಡಖಾದ್ಯದಲ್ಲಿ ವಿತಂಡೆಗೆ ಹಿಂದೆಂದೂ ಇಲ್ಲದ ಗೌರವವನ್ನು ತಂದನು. ೧೩ನೆಯ ಶತಮಾನದ ಮಧ್ವಾಚಾರ್ಯರು ಕಥಾಲಕ್ಷಣದಲ್ಲಿ ವಾದಜಲ್ಪಗಳನ್ನು ಸಜ್ಜನರಿಗೂ, ವಿತಂಡೆಯನ್ನು ಸಜ್ಜನರು ಇತರರೊಡನೆ ನಡೆಸುವ ಕಥೆಗೂ ನಿಯಮಿಸಿದರು. ಅಲ್ಲಿ ನಿಷೇಧವು ಪ್ರಯೋಗಕ್ಕಲ್ಲ, ಪಾತ್ರಕ್ಕೆ ತಕ್ಕಂತೆ ಅದರ ವಿನಿಯೋಗಕ್ಕೆ.

ಈ ವಿಷಯವು ಬರಿಯ ಪುರಾತನ ಚರ್ಚೆಯಲ್ಲವೆಂಬುದಕ್ಕೆ ನನ್ನದೇ ಒಂದು ಅಪರಾಧವನ್ನು ಹೇಳಿ ಮುಗಿಸುತ್ತೇನೆ. ನನಗೆ ಮೂವತ್ತು ವರ್ಷ ತುಂಬುವ ಮೊದಲು ಒಂದು ವಾಕ್ಯಾರ್ಥಸಭೆಯಲ್ಲಿ ವೃದ್ಧ ವಿದ್ವಾಂಸರೊಬ್ಬರು ಅನುಮಾನಖಂಡದ ಒಂದು ಪಂಕ್ತಿಯನ್ನು ಬಹು ಸೊಗಸಾಗಿ ನಿರೂಪಿಸುತ್ತಿದ್ದರು. ನನಗೆ ಸದುತ್ತರ ತೋರಲಿಲ್ಲ. ಮೇಲೆ ಹೇಳಿದ ಜೋಡಿಪ್ರಶ್ನೆಯನ್ನೇ ಅವಚ್ಛೇದಕಗಳ ಉಡುಗೆ ತೊಡಿಸಿ ಕೇಳಿದೆನು. ಅವರಿಗೆ ಕಿವಿ ಮಂದವಾಗಿತ್ತು. ನನ್ನ ಮಾತಿನ ವೇಗವನ್ನು ಹಿಡಿಯಲಾರದೆ ಸುಮ್ಮನಾದರು. ಶಾಲು ನನಗೆ ಬಂದಿತು. ಹೊರಡುವಾಗ ಅವರು ನನ್ನನ್ನು ಹತ್ತಿರ ಕರೆದು, ‘ಗೆದ್ದೆಯಪ್ಪ, ನಿನ್ನ ಪಕ್ಷ ಯಾವುದು?’ ಎಂದು ಮಾತ್ರ ಕೇಳಿದರು. ನನಗೆ ಪಕ್ಷವೇ ಇರಲಿಲ್ಲ. ಆ ಶಾಲನ್ನು ನಾನು ಹೊದೆಯಲಿಲ್ಲ.

ಅತಿಬಲದ ಪ್ರಯೋಗಕ್ಕೆ ನಮ್ಮ ಹಿರಿಯರು ಕಂಡ ಉಪಾಯಗಳು ಮೂರು: ಹೆಸರಿಟ್ಟು ಉತ್ತರ ಕಲಿಸುವುದು, ನಿಷೇಧಿಸುವುದು, ಗೆಲುವಿನ ಲಕ್ಷಣವನ್ನೇ ತಿದ್ದುವುದು. ಮೊದಲನೆಯದು ಬಲ್ಲವರನ್ನು ಮಾತ್ರ ಕಾಪಾಡುತ್ತದೆ. ಎರಡನೆಯದು ಹೊಸ ಕಪಟಕ್ಕೆ ದಾರಿ ಮಾಡುತ್ತದೆ. ಮೂರನೆಯದು ಕಪಟದ ಲಾಭವನ್ನೇ ಕಿತ್ತುಕೊಳ್ಳುವುದರಿಂದ ನಿಷೇಧದ ಅಗತ್ಯವೇ ಬೀಳದು. ಯಾವ ಆಟದಲ್ಲಿಯೇ ಆಗಲಿ, ಪಟ್ಟನ್ನು ಬಿಡಬೇಕೋ ಉಳಿಸಬೇಕೋ ಎಂದು ಕೇಳುವ ಮೊದಲು ಈ ಆಟದಲ್ಲಿ ಗೆಲುವೆಂದರೆ ಯಾವುದರ ಸಿದ್ಧಿಯೆಂದು ನಿಶ್ಚಯಿಸಿಕೊಳ್ಳಬೇಕು. ನಮ್ಮ ಸಭೆಗಳಲ್ಲಿ ಸನ್ಮಾನವನ್ನು ನಿರ್ಣಯಿಸುವವರೂ, ತರಗತಿಗಳಲ್ಲಿ ಚರ್ಚಾಸ್ಪರ್ಧೆಗಳನ್ನು ನಡೆಸುವ ಅಧ್ಯಾಪಕರೂ, ಎದುರಾಳಿಯು ಸುಮ್ಮನಾದನೇ ಎಂದು ನೋಡುವುದಕ್ಕೆ ಬದಲಾಗಿ, ಮಾತನಾಡಿದವನ ಪಕ್ಷವು ಸಿದ್ಧಿಸಿತೇ ಎಂದು ನೋಡುವುದಾದರೆ ಅಕಲಂಕನ ಶ್ರಮವು ಸಾರ್ಥಕವಾದೀತು.